ಸ್ಕ್ರೀನೇ ಇಲ್ಲದ ಕ್ಯಾಮೆರಾ: 27ರಲ್ಲಿ 9 ವೇಸ್ಟ್, ಆದ್ರೂ ಇನ್ನೊಂದು ತಗೋತೀನಿ

ಯೂಸ್ ಅಂಡ್ ಥ್ರೋ ಫಿಲ್ಮ್ ಕ್ಯಾಮೆರಾ ಒಂದು ತಗೊಂಡಿದ್ದೆ, ಮನೆಯವ್ರೆಲ್ಲ ಎರಡು ದಿನ ಒಟ್ಟಿಗೆ ಇರೋದಿತ್ತು ಅಂತ. ಬ್ರ್ಯಾಂಡ್ ಹೆಸರು ಬೇಡ ಬಿಡಿ, ಈ ಥರದವೆಲ್ಲ ಹೆಚ್ಚುಕಮ್ಮಿ ಒಂದೇ. ಹಗುರ ಪ್ಲಾಸ್ಟಿಕ್ ಡಬ್ಬಿ, ಒಳಗೆ 35 ಎಂಎಂ ಕಲರ್ ಫಿಲ್ಮ್ ಮೊದ್ಲೇ ಲೋಡ್ ಆಗಿರತ್ತೆ, 27 ಫೋಟೋ, ಝೂಮ್ ಇಲ್ಲ, ಫೋಕಸ್ ಮಾಡೋ ಹಾಗಿಲ್ಲ. ಒಂದು ತೆಗೆದ್ಮೇಲೆ ಹೆಬ್ಬೆರಳಲ್ಲಿ ಚಕ್ರ ಕರಕರ ಅಂತ ತಿರುಗಿಸ್ಬೇಕು, ಮೇಲೆ ನಂಬರ್ ಒಂದೊಂದೇ ಇಳಿತಾ ಬರತ್ತೆ. 1986ರಲ್ಲಿ ಫ್ಯೂಜಿಫಿಲ್ಮ್‌ನೋರು ಜಪಾನಲ್ಲಿ ಇಂಥದ್ದನ್ನ ಬಿಟ್ಟಾಗ ಕ್ಯಾಮೆರಾ ಅನ್ನದೆ ಲೆನ್ಸ್ ಇರೋ ಫಿಲ್ಮ್ ಅಂತಲೇ ಕರೆದಿದ್ರು, ಕೈಲಿ ಹಿಡಿದ್ರೆ ಅದೇ ಸರಿ ಅನ್ಸತ್ತೆ.

ಇದರ ದೊಡ್ಡ ಪ್ಲಸ್ ಪಾಯಿಂಟ್ ಅಂದ್ರೆ ಸ್ಕ್ರೀನ್ ಇಲ್ದೇ ಇರೋದು. ಫೋನಲ್ಲಿ ಏನಾಗತ್ತೆ ಹೇಳಿ, ಕ್ಲಿಕ್ ಆದ ತಕ್ಷಣ ತೋರ್ಸು ತೋರ್ಸು, ಅಯ್ಯೋ ನನ್ ಕಣ್ಣು ಮುಚ್ಚಿದೆ, ಡಿಲೀಟ್ ಮಾಡು, ಇನ್ನೊಂದು ತೆಗಿ, ಹೀಗೇ ನಲವತ್ತು ತೆಗೆದು ಅದ್ರಲ್ಲೊಂದು ಆರಿಸಿ ಸ್ಟೋರಿಗೆ ಹಾಕೋ ಹೊತ್ತಿಗೆ ಯಾಕೆ ನಗ್ತಿದ್ವಿ ಅನ್ನೋದೇ ಮರೆತುಹೋಗಿರತ್ತೆ. ಇನ್ನು ಕೆಲವ್ರು ಕ್ಯಾಂಡಿಡ್, ಅಂದ್ರೆ ಗೊತ್ತಿಲ್ದಂಗೆ ತೆಗ್ದಿರೋ ಥರದ್ದು, ತೆಗಿ ಅಂತ ಅವ್ರೇ ಹೇಳಿ ಆ ಕಡೆ ತಿರುಗಿ ಗೋಡೆ ನೋಡ್ತಾ ನಗ್ತಾರೆ (ನಾನೂ ಮಾಡಿದೀನಿ, ನಾಚಿಕೆ ಇಲ್ಲ). ಇಲ್ಲಿ ತೋರ್ಸೋಕೆ ಏನೂ ಇಲ್ಲ, ಹಾಗಾಗಿ ಐದೇ ನಿಮಿಷಕ್ಕೆ ಎಲ್ರೂ ಕ್ಯಾಮೆರಾನ ಮರ್ತು ಅವ್ರವ್ರ ಪಾಡಿಗೆ ಇದ್ರು. 1920ರ ದಶಕದಲ್ಲಿ ಜರ್ಮನಿಯ ಫೋಟೋಗ್ರಾಫರ್ ಎರಿಕ್ ಸಾಲೊಮನ್ ಕೋರ್ಟಲ್ಲಿ ಫೋಟೋ ತೆಗಿಯೋಕೆ ಕ್ಯಾಮೆರಾನ ಟೋಪಿಯೊಳಗೆ ಬಚ್ಚಿಟ್ಕೊಂಡು ಹೋಗಿದ್ರಂತೆ, ಇದನ್ನ ಬಚ್ಚಿಡೋದೇ ಬೇಡ, ನೋಡಿದವ್ರು ಆಟಿಕೆ ಅನ್ಕೋತಾರೆ.

ಅಮ್ಮನ ವಿಷ್ಯ ಹೇಳ್ಲೇಬೇಕು. ಫೋನ್ ಎತ್ತಿದ್ರೆ ಸಾಕು, ಕನ್ನಡಕ ತೆಗೆದು ತುಟಿ ಬಿಗಿ ಹಿಡಿದು ನಿಂತ್ಬಿಡ್ತಾರೆ, ಹತ್ತು ವರ್ಷದ ಗ್ಯಾಲರಿ ತೆಗೆದು ನೋಡಿದ್ರೂ ಮುಖ ಅದೇ, ಬಟ್ಟೆ ಮಾತ್ರ ಬೇರೆ. ಈ ರೋಲಲ್ಲಿ ಒಂದು ಬಂದಿದೆ ನೋಡಿ, ತಲೆ ಮೇಲಿರೋ ಕನ್ನಡಕನ ಮನೆ ತುಂಬ ಹುಡುಕ್ತಾ ನಂಗೆ ಬೈತಿರೋದು, ಬಾಯಿ ಅರ್ಧ ತೆರ್ದಿದೆ, ಒಂದು ಕೈ ಮಸುಕಾಗಿದೆ. ನೋಡಿದ್ರೆ ಬೈಗುಳ ಕಿವಿಗೆ ಬೀಳತ್ತೆ. ಹಿಂದ್ಗಡೆ ತಂಗಿ ಕನ್ನಡಕ ಎಲ್ಲಿದೆ ಅಂತ ಗೊತ್ತಿದ್ದೂ ಸುಮ್ನೆ ನಿಂತಿದಾಳೆ, ಅದು ನಂಗೆ ಗೊತ್ತಾಗಿದ್ದೇ ಫೋಟೋ ಬಂದ್ಮೇಲೆ! ಸ್ಟೋರಿಗೆ ಹಾಕ್ಬೇಡ ಅಂತ ಅಮ್ಮ ಹೇಳಿದಾರೆ, ಹಾಕಿಲ್ಲ. ಗೊತ್ತಿಲ್ದಂಗೆ ತೆಗೆದಿದ್ದನ್ನ ಕೇಳದೆ ಹಾಕೋದು ನಂಗೂ ಸರಿ ಅನ್ಸಲ್ಲ.

ಮೈನಸ್ ಬೇಕಾದಷ್ಟಿದೆ. 9 ಫೋಟೋ ಹೋಯ್ತು. ಐದು ಪೂರ್ತಿ ಕತ್ತಲೆ, ಯಾಕಂದ್ರೆ ಫ್ಲಾಶ್ ಬಟನ್ ಒತ್ತಿ ಲೈಟ್ ಹತ್ತೋವರೆಗೂ ಕಾಯ್ಬೇಕು ಅನ್ನೋದು ನಂಗೆ ನೆನಪೇ ಇರ್ಲಿಲ್ಲ, ಮತ್ತೆ ಈ ಫ್ಲಾಶ್ 3 ಮೀಟರ್ ದಾಟಿದ್ರೆ ಲೆಕ್ಕಕ್ಕಿಲ್ಲ. ಎರಡ್ರಲ್ಲಿ ನನ್ ಬೆರಳು, ನಾವು ಕಣ್ಣಿಟ್ಟು ನೋಡೋ ಕಿಂಡಿ ಬೇರೆ ಲೆನ್ಸ್ ಬೇರೆ ಆಗಿರೋದ್ರಿಂದ ಬೆರಳು ಅಡ್ಡ ಬಂದ್ರೂ ಗೊತ್ತಾಗಲ್ಲ. ಇನ್ನೆರಡು ತುಂಬ ಹತ್ರದಿಂದ ತೆಗೆದು ಮಸುಕು, ಒಂದು ಮೀಟರಾದ್ರೂ ದೂರ ನಿಲ್ಲಿ. ಮನೆಯೊಳಗೆ ತೆಗಿಯೋದಾದ್ರೆ ಐಎಸ್ಓ 800 ಇರೋದೇ ತಗೊಳ್ಳಿ (ಫಿಲ್ಮ್ ಬೆಳಕನ್ನ ಎಷ್ಟು ಚೆನ್ನಾಗಿ ಹಿಡಿಯತ್ತೆ ಅನ್ನೋ ನಂಬರ್ ಅದು, ಜಾಸ್ತಿ ಇದ್ರೆ ಕಮ್ಮಿ ಬೆಳಕು ಸಾಕು), ನಾನು 400 ತಗೊಂಡು ಕೆಟ್ಟೆ. ಡಬ್ಬಿ ಮೇಲೆ ಎಕ್ಸ್‌ಪೈರಿ ಡೇಟೂ ನೋಡಿ. ಒಂದ್ಸಲಕ್ಕೆ ಇಷ್ಟು ಪ್ಲಾಸ್ಟಿಕ್ ಬೇಕಾ ಅನ್ನೋದು ನಿಜವಾದ ಪ್ರಶ್ನೆ, ಅದಕ್ಕೇ ಇನ್ನೊಂದು ತಗೊಳ್ಳೋವಾಗ ಇದೇ ಥರ ಸ್ಕ್ರೀನಿಲ್ಲದ, ಆದ್ರೆ ರೋಲ್ ಬದಲಾಯ್ಸೋಕಾಗೋ ಹಳೇ ಕ್ಯಾಮೆರಾ ಹುಡುಕ್ತೀನಿ.

ಡೆವಲಪ್ ಮಾಡ್ಸೋಕೆ ಕೊಟ್ಟ ಲ್ಯಾಬಿಂದ ಸ್ಕ್ಯಾನ್ ಬರೋಕೆ ಎಂಟು ದಿನ ಹಿಡೀತು, ಅದು ಪರವಾಗಿಲ್ಲ, ಕಾಯೋದ್ರಲ್ಲೂ ಮಜಾ ಇತ್ತು. ಆದ್ರೆ ನೆಗೆಟಿವ್ (ಡೆವಲಪ್ ಆದ ಮೂಲ ಫಿಲ್ಮ್) ಎಲ್ಲಿ ಅಂದ್ರೆ ಬಿಸಾಕಿದ್ವಿ, ಯಾರೂ ಕೇಳಲ್ವಲ್ಲ ಅಂದ್ರು. ನೀವು ಕೊಡುವಾಗ್ಲೇ ವಾಪಸ್ ಬೇಕು ಅಂತ ಚೀಟಿ ಮೇಲೆ ಬರೆಸ್ಕೊಂಡು ಬನ್ನಿ.