ನಾಲ್ಕು ವರ್ಷ ಓಡಾಡಿದ ಮೇಲೆ: ವಸ್ತಿ ಬಸ್ಸಿಗೆ ಐದಕ್ಕೆ ಐದು ಅಂಕ, ಸಂಜೆ ಟ್ರಿಪ್ಪಿಗೆ ಒಂದೂವರೆ

ಕೊಪ್ಪಳ ಜಿಲ್ಲೆಯ ಎರೆ ಸೀಮೆಯಲ್ಲಿ, ಹೆದ್ದಾರಿ ಕ್ರಾಸಿನಿಂದ ಆರು ಕಿ.ಮೀ. ಒಳಗಿರುವ ಊರಿಗೆ ಬರುವ ಸರ್ಕಾರಿ ಬಸ್ಸಿನ ಮಾತಿದು.

ವಸ್ತಿ ಬಸ್ಸು, ಅಂದರೆ ರಾತ್ರಿ ಊರಲ್ಲೇ ಉಳಿಯುವ ಬಸ್ಸು, ಎಂಟೂವರೆಗೆ ಬಂದು ಹನುಮಪ್ಪನ ಗುಡಿ ಮುಂದೆ ನಿಲ್ಲುತ್ತದೆ. ಡ್ರೈವರ್ ಅಣ್ಣ ರಾತ್ರಿಯೇ ಗಾಡಿ ತಿರುಗಿಸಿ, ಮುಖ ಕ್ರಾಸಿನ ಕಡೆ ಮಾಡಿ ಮಲಗುತ್ತಾರೆ. ಬೆಳಿಗ್ಗೆ 5.40ಕ್ಕೆ ಇಂಜಿನ್ ಚಾಲೂ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಏರ್ ಇಳಿದಿರುತ್ತದೆ. ಬ್ರೇಕಿಗೆ ಏರ್ ತುಂಬುವ ತನಕ ನಿಂತಲ್ಲೇ ಗುರುಗುಟ್ಟುತ್ತದೆ. ಊರಿಗೆ ಅದೇ ಗಡಿಯಾರ. ಆ ಸದ್ದು ಕೇಳಿದ ಮೇಲೆ ರೊಟ್ಟಿ ಬುತ್ತಿ ಕಟ್ಟಿಕೊಂಡು ಹೊರಟರೂ ಬಸ್ಸು ಸಿಗುತ್ತದೆ. ‘ತುಸ್’ ಅಂತ ಏರ್ ಬಿಟ್ಟಿತೆಂದರೆ ಮಾತ್ರ ಓಡಬೇಕು. ಹಾಲಿನ ಕ್ಯಾನು, ಮೆಂತ್ಯೆ ಸೊಪ್ಪಿನ ಗಂಟು ಹಿಂದಿನ ಸೀಟಿನ ಕೆಳಗೆ ಸೇರಿ, ಕಾಲೇಜು ಹುಡುಗಿಯರು ಕಿಟಕಿ ಹಿಡಿದು, ಆರಕ್ಕೆ ಸರಿಯಾಗಿ ಬಿಡುತ್ತದೆ. ಬೆಳಗಿನ ಈ ಟ್ರಿಪ್ ತಪ್ಪಿದ್ದು ಬಹಳ ಕಡಿಮೆ, ಯಾಕೆಂದರೆ ಗಾಡಿ ಊರಲ್ಲೇ ಇರುತ್ತದೆ.

ಸಂಜೆ 5.15ರ ಟ್ರಿಪ್ಪಿನ ಕಥೆ ಬೇರೆ. ಅದು ಪೇಟೆಯಿಂದ ಬರಬೇಕು. ಅದೇ ಗಾಡಿ ಮಧ್ಯಾಹ್ನ ಬೇರೆ ಊರಿಗೆ ಹೋಗಿ ಬರುವುದರಿಂದ, ಅಲ್ಲಿ ಒಂದು ಟಾಯರ್ ಪಂಕ್ಚರ್ ಆದರೆ ಇಲ್ಲಿ ಬಸ್ಸೇ ಇಲ್ಲ. ಮಳೆಗಾಲದಲ್ಲಂತೂ ಇನ್ನೂ ಕಷ್ಟ. ನಮ್ಮದು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆ, ಡಾಂಬರಿನ ಅಗಲ 3.75 ಮೀಟರ್. ಬಸ್ಸೇ ಸುಮಾರು ಎರಡೂವರೆ ಮೀಟರ್ ಇರುತ್ತದೆ. ಎದುರಿಗೆ ಹತ್ತಿ ಹೇರಿದ ಟ್ರ್ಯಾಕ್ಟರ್ ಬಂದರೆ ಒಬ್ಬರು ಅಂಚಿಗೆ ಇಳಿಯಲೇಬೇಕು; ಹಸಿ ಎರೆ ಮಣ್ಣಿಗೆ ಚಕ್ರ ಇಳಿಯಿತೋ, ಜೆಸಿಬಿ ಬರುವ ತನಕ ಅಲ್ಲೇ. ಎರಡೂ ಕಡೆ ಬಳ್ಳಾರಿ ಜಾಲಿ ಬಾಗಿ ಕಿಟಕಿಯೊಳಗೆ ಮುಳ್ಳು ಚಾಚುತ್ತದೆ. ಪಂಚಾಯ್ತಿಯವರು ಜಾಲಿ ಕಡಿಸಿದ ವರ್ಷ ಟ್ರಿಪ್ ಸರಿಯಾಗಿ ಬಂತು, ಕಡಿಸದ ವರ್ಷ ತಪ್ಪಿತು.

ನಿಜವಾದ ನೋವು ಗುಳೆಯ ಕಾಲದ್ದು. ದೀಪಾವಳಿ ಕಳೆದು ಸುಗ್ಗಿ ಮುಗಿಯುತ್ತಿದ್ದಂತೆ ಮನೆಮನೆಗೆ ಬೀಗ ಬೀಳುತ್ತದೆ, ಬೆಂಗಳೂರು, ಮಂಗಳೂರು, ಗೋವಾ ಅಂತ ಜನ ದುಡಿಯಲು ಹೋಗುತ್ತಾರೆ. ಸಂಜೆ ಬಸ್ಸಿನಲ್ಲಿ ಜನ ಇಲ್ಲ, ಕಲೆಕ್ಷನ್ ಇಲ್ಲ ಎಂದು ಟ್ರಿಪ್ ನಿಲ್ಲಿಸುತ್ತಾರೆ. ಮುಂಗಾರಿಗೆ ಜನ ವಾಪಸ್ ಬರುತ್ತಾರೆ, ಟ್ರಿಪ್ ಬರುವುದಿಲ್ಲ. ಕಾಗದದ ಮೇಲಿನ ಜನಸಂಖ್ಯೆಯೂ ನಮ್ಮ ಪರ ನಿಲ್ಲುವುದಿಲ್ಲ: 2011ರ ಜನಗಣತಿ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ, ಸರಿಯಾಗಿ ಗುಳೆಯ ನಡುವೆ. ಆ ಇಪ್ಪತ್ತೂ ದಿನ ಊರಲ್ಲಿಲ್ಲದವರನ್ನು ಇದ್ದಲ್ಲೇ ಎಣಿಸುವುದು ನಿಯಮ. ಆ ಎಣಿಕೆಯನ್ನು ಮುಂದಿಟ್ಟು ‘ನಿಮ್ಮೂರು ಸಣ್ಣದು’ ಎಂದರೆ ಹೊಟ್ಟೆ ಉರಿಯುತ್ತದೆ.

ಟ್ರಿಪ್ ನಿಂತ ದಿನ ಕ್ರಾಸಿನಲ್ಲಿ ಟಂಟಂ (ಬಾಡಿಗೆ ಆಟೋ) ಒಂದೇ ಗತಿ. ಹನ್ನೆರಡು ಜನ ಆಗುವ ತನಕ ಅದು ಹೊರಡುವುದಿಲ್ಲ. ಕತ್ತಲಾದ ಮೇಲೆ ಹೆಣ್ಣುಮಕ್ಕಳು ಅದರಲ್ಲಿ ನೇತಾಡಿಕೊಂಡು ಬರಬೇಕು. ಬಸ್ಸಿನಲ್ಲಿ ಅವರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ದುಡ್ಡಿಲ್ಲ, ಟಂಟಂನಲ್ಲಿ ಇಪ್ಪತ್ತು ರೂಪಾಯಿ. ಮಗಳ ಕಾಲೇಜು ಬಿಡಿಸಲು ಕೆಲವು ಮನೆಗಳಿಗೆ ಇಷ್ಟೇ ಸಾಕು.

ಅಕ್ಕಂದಿರಿಗೆ ಒಂದು ಮಾತು: ‘ಪುಕ್ಕಟೆ ಅಲ್ಲೇನು’ ಅಂತ ಸುಮ್ಮನೆ ಕೂಡಬೇಡಿ, ಶೂನ್ಯ ಟಿಕೆಟ್ ಕೇಳಿ ಪಡೆಯಿರಿ. ಸರ್ಕಾರ ಸಾರಿಗೆ ನಿಗಮಕ್ಕೆ ದುಡ್ಡು ತುಂಬಿಕೊಡುವುದು ಆ ಟಿಕೆಟ್ಟಿನ ಲೆಕ್ಕದಲ್ಲೇ. ಮಷೀನಿನಲ್ಲಿ ಬರದ ಪ್ರಯಾಣಿಕರು ಡಿಪೋ ಲೆಕ್ಕಕ್ಕೂ ಬರುವುದಿಲ್ಲ. ನಿಂತ ಟ್ರಿಪ್ ಕೇಳಲು ಬರೀ ಮನವಿ ಒಯ್ದರೆ ಅದು ಫೈಲಿನಲ್ಲೇ ಉಳಿಯುತ್ತದೆ. ಗ್ರಾಮ ಪಂಚಾಯ್ತಿ ಠರಾವು, ಪಾಸ್ ನಂಬರ್ ಸಮೇತ ವಿದ್ಯಾರ್ಥಿಗಳ ಪಟ್ಟಿ, ಅದರ ಮೇಲೆ ಪ್ರಾಂಶುಪಾಲರ ಸಹಿ, ಈ ಮೂರನ್ನೂ ಜೋಡಿಸಿ ಡಿಪೋ ಮ್ಯಾನೇಜರಿಗೆ ಒಂದು, ವಿಭಾಗೀಯ ನಿಯಂತ್ರಣಾಧಿಕಾರಿಗೆ ಒಂದು ಪ್ರತಿ ಕೊಟ್ಟು, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಜೂನ್ ಬರುವ ಮೊದಲೇ ಕೊಡಿ. ಕಾಲೇಜು ಶುರುವಾದ ಮೇಲೆ ಗಾಡಿಗಳೆಲ್ಲ ಹಂಚಿಕೆಯಾಗಿರುತ್ತವೆ.