ಮೆಣಸಿನಕಾಯಿಯ ತೇವ ಅಳೆಯುವ ಉಪಕರಣ: ಗೋಕುಲ ರಸ್ತೆಯ ಕಾರ್ಯಾಗಾರದ ಕೆಲಸ ಹೇಗಿದೆ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರುವ ಈ ಕಾರ್ಯಾಗಾರದವರು ಹೊಸ ಉತ್ಪನ್ನದ ಕಲ್ಪನೆಯನ್ನು ಕೇಳಿಸಿಕೊಂಡು, ಅದಕ್ಕೆ ಬೇಕಾದ ಸರ್ಕಿಟ್, ಕವಚ, ಸಾಫ್ಟ್‌ವೇರ್ ಮೂರನ್ನೂ ತಮ್ಮಲ್ಲೇ ಸಿದ್ಧಪಡಿಸಿ, ಮಾರುಕಟ್ಟೆಗೆ ಒಯ್ಯಬಹುದಾದ ಮಾದರಿಯನ್ನು ಕೊಡುತ್ತಾರೆ. ಒಣಮೆಣಸಿನಕಾಯಿಯ ತೇವಾಂಶ ಅಳೆಯುವ ಉಪಕರಣವನ್ನು ನಾನು ಮತ್ತು ನನ್ನ ಪಾಲುದಾರರು ಇವರಿಂದ ಮಾಡಿಸಿದ್ದೇವೆ. ಕೊಟ್ಟ ಹಣಕ್ಕೆ ತಕ್ಕ ಕೆಲಸವಾಗಿದೆ ಎಂಬುದು ನನ್ನ ಅಭಿಪ್ರಾಯ.

ಬ್ಯಾಡಗಿ ಮಾರುಕಟ್ಟೆಯಲ್ಲಿ ಅನುಭವಿಗಳು ಕಾಯಿಯನ್ನು ಹಿಚುಕಿ, ಮುರಿದು, ಅಲುಗಿಸಿ ಬೀಜದ ಸದ್ದು ಕೇಳಿ ತೇವವನ್ನು ಅಂದಾಜು ಮಾಡುತ್ತಾರೆ. ಇಡಿ ಮೆಣಸಿನಕಾಯಿಯಲ್ಲಿ ತೇವಾಂಶ ಶೇ 11ನ್ನು ಮೀರಬಾರದೆಂದು ನಮ್ಮ ದೇಶದ ಆಹಾರ ಸುರಕ್ಷತಾ ಮಾನದಂಡ ಹೇಳುತ್ತದೆ. ಮೀರಿದರೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ವಿಷ ಸೇರುವ ಅಪಾಯವಿದೆ; ತೀರಾ ಒಣಗಿದರೆ ಕಾಯಿ ಮುರಿದು, ಬೀಜ ಉದುರಿ, ದರ ಇಳಿಯುತ್ತದೆ. ಚೀಲಕ್ಕೆ ಚುಚ್ಚಿದೊಡನೆ ಅಂಕಿ ತೋರಿಸುವ ಉದ್ದನೆಯ ಸಲಾಕೆಯಂತಹ ಸಾಧನ ಬೇಕೆಂಬುದು ನಮ್ಮ ಕೋರಿಕೆಯಾಗಿತ್ತು.

ಇಲ್ಲಿನ ಎಂಜಿನಿಯರುಗಳು ಹಣ ಪಡೆದು ಅದನ್ನೇ ಮಾಡಿಕೊಟ್ಟಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಅವರು ಮೊದಲು ಅಳತೆಯ ತತ್ವವನ್ನೇ ಪರೀಕ್ಷೆಗೆ ಒಡ್ಡಿದರು. ವಿದ್ಯುತ್ ಕ್ಷೇತ್ರಕ್ಕೆ ಸ್ಪಂದಿಸುವ ಗುಣ, ನಿರ್ವಾತಕ್ಕೆ ಹೋಲಿಸಿದರೆ, ನೀರಿನಲ್ಲಿ ಸುಮಾರು 80 ಪಟ್ಟು ಇದ್ದರೆ ಒಣಪದಾರ್ಥಗಳಲ್ಲಿ ಕೆಲವೇ ಪಟ್ಟು ಇರುತ್ತದೆ. ಎರಡು ಲೋಹದ ತಟ್ಟೆಗಳ ನಡುವೆ ಪದಾರ್ಥವನ್ನಿಟ್ಟು ಈ ವ್ಯತ್ಯಾಸವನ್ನು ಗುರುತಿಸಿದರೆ ತೇವಾಂಶ ತಿಳಿಯುತ್ತದೆ. ಧಾನ್ಯಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಮೆಣಸಿನಕಾಯಿಯಾದರೋ ಒಳಗೆ ಟೊಳ್ಳು, ಹೊರಗೆ ಸುಕ್ಕು. ಚೀಲವನ್ನು ಎಷ್ಟು ಬಿಗಿಯಾಗಿ ತುಂಬಿದ್ದಾರೆ ಎಂಬುದರ ಮೇಲೆ ನಡುವಿನ ಗಾಳಿಯ ಪ್ರಮಾಣ ಬದಲಾಗುವುದರಿಂದ, ಒಂದೇ ಚೀಲದ ಮೇಲ್ಭಾಗ ಮತ್ತು ತಳಭಾಗ ಬೇರೆ ಬೇರೆ ಅಂಕಿ ತೋರಿಸಿದವು. ಸಲಾಕೆಯನ್ನು ಕೈಬಿಟ್ಟು, ನಿಗದಿತ ತೂಕದ ಕಾಯಿಯನ್ನು ಬಟ್ಟಲಿಗೆ ಹಾಕಿ ಪ್ರತಿ ಸಲವೂ ಒಂದೇ ಒತ್ತಡದಲ್ಲಿ ಅದುಮುವ ಮುಚ್ಚಳದ ವಿನ್ಯಾಸಕ್ಕೆ ಬಂದದ್ದು ಈ ಪರೀಕ್ಷೆಯ ನಂತರ. ಮಸಾಲೆ ಪದಾರ್ಥವನ್ನು ಓವನ್‌ನಲ್ಲಿ ಒಣಗಿಸಿದರೆ ನೀರಿನೊಂದಿಗೆ ಸುವಾಸನೆಯ ಎಣ್ಣೆಯೂ ಆವಿಯಾಗಿ ಲೆಕ್ಕ ತಪ್ಪುತ್ತದೆಂದು, ಟೊಲ್ಯೂನ್ ಎಂಬ ದ್ರಾವಕದೊಂದಿಗೆ ಕುದಿಸಿ ನೀರನ್ನು ಬೇರ್ಪಡಿಸುವ ಪ್ರಯೋಗಾಲಯದ ವಿಧಾನಕ್ಕೆ ನಮ್ಮ ಅಂಕಿಗಳನ್ನು ಹೋಲಿಸಿದರು. ಡಬ್ಬಿ ಮತ್ತು ಕಡ್ಡಿ ತಳಿಗಳಿಗೆ ಪ್ರತ್ಯೇಕ ಹೊಂದಾಣಿಕೆ ಮಾಡಿದರು; ತಾಪಮಾನದ ತಿದ್ದುಪಡಿಯನ್ನೂ ಸೇರಿಸಿದರು. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ಜೀವಾಳ ಇದೇ.

ಕವಚದ ವಿಷಯದಲ್ಲಿಯೂ ಇವರಿಗೆ ಮುಂದಾಲೋಚನೆಯಿದೆ. ಥ್ರೀ-ಡಿ ಮುದ್ರಣದಲ್ಲಿ ಸಾಮಾನ್ಯವಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿಗೇ ಮೆತ್ತಗಾಗುವುದರಿಂದ, ಬಿಸಿಲಿನಲ್ಲಿ ನಿಂತ ವಾಹನದೊಳಗೆ ಅದು ಸೊಟ್ಟಗಾಗುವ ಸಂಭವವಿದೆ. ಮಾರುಕಟ್ಟೆಯ ಪ್ರಯೋಗಕ್ಕೆ ಅದಕ್ಕಿಂತ ಹೆಚ್ಚು ಶಾಖ ತಾಳುವ ಪಿಇಟಿಜಿ ಪ್ಲಾಸ್ಟಿಕ್ ಬಳಸಿ, ಅಂತಿಮ ವಿನ್ಯಾಸವನ್ನು ಎಬಿಎಸ್ ಪ್ಲಾಸ್ಟಿಕ್‌ನ ಅಚ್ಚಿಗೆ ಹೊಂದುವಂತೆ ಗೋಡೆಯ ದಪ್ಪ ಮತ್ತು ಇಳಿಜಾರುಗಳನ್ನು ಮೊದಲೇ ಸರಿಪಡಿಸಿದರು. ಉಕ್ಕಿನ ಅಚ್ಚಿಗೆ (ಡೈ) ಲಕ್ಷಗಟ್ಟಲೆ ಹಾಕುವ ಮೊದಲು, ಸುಮಾರು 20 ಕವಚ ಎರಕ ಹೊಯ್ಯಬಲ್ಲ ಸಿಲಿಕೋನ್ ಅಚ್ಚಿನಿಂದ ಮೊದಲ ಕಂತಿನ ಉಪಕರಣಗಳನ್ನು ಮಾಡಿ ವರ್ತಕರ ಕೈಗೆ ಕೊಡಿ ಎಂಬ ಇವರ ಸಲಹೆ ನಮಗೆ ಬಹಳ ಹಣ ಉಳಿಸಿತು.

ಕೆಲಸ ಮುಗಿದಾಗ ಸರ್ಕಿಟ್ ಹಲಗೆಯನ್ನು (ಪಿಸಿಬಿ) ತಯಾರಿಸಲು ಬೇಕಾದ ಗರ್ಬರ್ ಕಡತಗಳು, ಪರ್ಯಾಯಗಳ ಸಹಿತ ಬಿಡಿಭಾಗಗಳ ಪಟ್ಟಿ, ಕವಚದ ವಿನ್ಯಾಸ, ಸೋರ್ಸ್ ಕೋಡ್, ಪ್ರತಿ ಉಪಕರಣವನ್ನು ಪರೀಕ್ಷಿಸುವ ಕ್ರಮ ಎಲ್ಲವೂ ನಮ್ಮ ಕೈಸೇರಿದವು. ಇವಿಲ್ಲದೆ ಎರಡನೆಯ ಉಪಕರಣವನ್ನು ಬೇರೆಡೆ ಮಾಡಿಸಲು ಸಾಧ್ಯವೇ ಇಲ್ಲ.

ಕೊರತೆಗಳೂ ಇವೆ. ಹೊರದೇಶದಿಂದ ಬರಬೇಕಿದ್ದ ಚಿಪ್ ತಡವಾದುದನ್ನು ನಾವಾಗಿ ಕೇಳುವವರೆಗೆ ತಿಳಿಸಲಿಲ್ಲ. ಕರಾರುಪತ್ರ ಇಂಗ್ಲಿಷಿನಲ್ಲಿ ಮಾತ್ರ ಇತ್ತು. ದಲಾಲಿ ವ್ಯವಹಾರವನ್ನು ಅರೆದು ಕುಡಿದಿರುವ ನನ್ನ ಪಾಲುದಾರರಿಗೆ ಅದರ ಪ್ರತಿಯೊಂದು ಷರತ್ತನ್ನೂ ನಾನು ಓದಿ ಹೇಳಬೇಕಾಯಿತು. ನಮಗಾಗಿ ಬರೆದ ಕೋಡನ್ನು ಇತರರಿಗೂ ಬಳಸಬಹುದೆಂಬ ಷರತ್ತೊಂದು ಅದರಲ್ಲಿತ್ತು. ಆಕ್ಷೇಪಿಸಿದೊಡನೆ ತೆಗೆದುಹಾಕಿದರು, ನಿಜ. ಕೇಳದೆ ಸಹಿ ಹಾಕುವವರ ಗತಿಯೇನು?

ಹಣದ ಚಿಂತೆಯಿರುವವರು ಮೂಲಮಾದರಿಗಾಗಿ ಗರಿಷ್ಠ 10 ಲಕ್ಷ ರೂಪಾಯಿಯವರೆಗೆ ನೆರವು ನೀಡುವ ಕೇಂದ್ರ ಸರ್ಕಾರದ ನಿಧಿ ಪ್ರಯಾಸ್ ಯೋಜನೆಯನ್ನು ವಿಚಾರಿಸಬಹುದು. ಪೇಟೆಂಟ್ ಬೇಕೆನಿಸಿದರೆ ಉಪಕರಣವನ್ನು ಸಾರ್ವಜನಿಕವಾಗಿ ತೋರಿಸುವ ಮೊದಲೇ ತಾತ್ಕಾಲಿಕ ಅರ್ಜಿ ಸಲ್ಲಿಸುವುದು ಅಗತ್ಯ. ಆ ನಂತರ ಪೂರ್ಣ ವಿವರಣೆ ಕೊಡಲು 12 ತಿಂಗಳು ದೊರೆಯುತ್ತದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಆವಕ ಜನವರಿಯಿಂದ ಮಾರ್ಚ್‌ವರೆಗೆ ಹೆಚ್ಚಾಗಿರುವುದರಿಂದ, ಇಂತಹ ಉಪಕರಣ ಮಾಡಿಸುವವರು ಪ್ರಯೋಗದ ಮಾದರಿ ಡಿಸೆಂಬರ್ ಒಳಗೆ ಕೈಸೇರಬೇಕೆಂದು ಕರಾರಿನಲ್ಲಿಯೇ ಬರೆಸಿಕೊಳ್ಳಬೇಕು.