ವಾಸ್ಕೋದಿಂದ ಹೋಗಿ ಲಿಸ್ಬನ್ನಿನ ಬೋಟು ಹತ್ತಿದ್ದು

ಮೊದಲೇ ಹೇಳಿಬಿಡುತ್ತೇನೆ. ಗೋವಾದಲ್ಲಿರುವ ನಮ್ಮ ಕನ್ನಡದವರು ಯಾರೇ ಪೋರ್ಚುಗಲ್‌ನ ಲಿಸ್ಬನ್‌ಗೆ ಹೋದರೂ ಅಲ್ಲಿಯ ನದಿಯ ಬೋಟು ಹತ್ತದೆ ವಾಪಸ್ ಬರಬೇಡಿ. ತಲೆಗೆ 24 ಯೂರೋ ಕೊಟ್ಟೆವು, ಸುಮಾರು ಎರಡು ಗಂಟೆಯ ಸುತ್ತು. ನಾನೇ ಮೊದಲು ಬೇಡ ಎಂದವಳು. ಅಷ್ಟು ದುಡ್ಡಿಗೆ ಮಗಳಿಗೆ ನಾಲ್ಕು ದಿನದ ತರಕಾರಿ ಬರುತ್ತದೆ ಅಂತ ಲೆಕ್ಕ ಹಾಕಿದ್ದೆ. ಇಳಿಯುವ ಹೊತ್ತಿಗೆ ಆ ಲೆಕ್ಕ ಮರೆತೇ ಹೋಗಿತ್ತು.

ನಮ್ಮ ಊರು ಹೊನ್ನಾವರ. ಗೋವಾದ ವಾಸ್ಕೋಗೆ ಬಂದು 23 ವರ್ಷ ಆಯಿತು, ನಮ್ಮನೆಯವರಿಗೆ ಇಲ್ಲಿಯ ಬಂದರಿನಲ್ಲಿ ಕೆಲಸ. ಮಗಳು ಲಿಸ್ಬನ್‌ನಲ್ಲಿ ಓದುತ್ತಿದ್ದಾಳೆ, ಅವಳನ್ನು ನೋಡಲು ಮೇ ತಿಂಗಳಲ್ಲಿ ಹೋಗಿದ್ದೆವು. ಗ್ಯಾಸ್ ಬುಕ್ ಮಾಡುವಾಗ, ಬ್ಯಾಂಕಿನ ಫಾರ್ಮ್ ತುಂಬುವಾಗ, ಊರಿಗೆ ರೈಲಿನ ಟಿಕೆಟ್ ತೆಗೆಯುವಾಗ, ಎಲ್ಲ ಕಡೆ ‘ವಾಸ್ಕೋ ಡ ಗಾಮ’ ಅಂತ ಬರೆದೂ ಬರೆದೂ ಅದು ಒಬ್ಬ ಮನುಷ್ಯನ ಹೆಸರು ಅನ್ನುವುದೇ ನಮಗೆ ಮರೆತುಹೋಗಿದೆ, ಅಲ್ವಾ? ಆ ಮನುಷ್ಯ ಹಡಗು ಹತ್ತಿದ ಜಾಗವನ್ನು ನೀರಿನಿಂದಲೇ ನೋಡಬೇಕು ಅನ್ನುವುದು ನಮ್ಮನೆಯವರ ಆಸೆ. ಮಗಳು ಮೊಬೈಲಿನಲ್ಲೇ ಟಿಕೆಟ್ ತೆಗೆದಳು.

ನದಿಯ ಹೆಸರು ಇಂಗ್ಲಿಷಿನಲ್ಲಿ ಟೇಗಸ್, ಅಲ್ಲಿಯವರ ಬಾಯಲ್ಲಿ ತೇಜು. ಸ್ಪೇನ್ ದೇಶದಲ್ಲಿ ಹುಟ್ಟಿ ಸಾವಿರ ಕಿಲೋಮೀಟರ್ ಹರಿದು ಲಿಸ್ಬನ್‌ನಲ್ಲಿ ಸಮುದ್ರ ಸೇರುತ್ತದೆ. ಒಂದು ಕಡೆ ಹುಟ್ಟಿ ಇನ್ನೊಬ್ಬರ ಊರಿನಲ್ಲಿ ಕಡಲು ಸೇರುವ ನದಿ ನಮಗೇನು ಹೊಸದೇ? ಖಾನಾಪುರದ ಕಾಡಿನಲ್ಲಿ ಮಹದಾಯಿ ಆಗಿ ಹುಟ್ಟಿದ್ದು ಪಣಜಿಗೆ ಬರುವಷ್ಟರಲ್ಲಿ ಮಾಂಡವಿ ಆಗಿರುತ್ತದೆ. ಲಿಸ್ಬನ್ ಪಕ್ಕದಲ್ಲಿ ತೇಜು ಎಷ್ಟು ಅಗಲ ಎಂದರೆ ಮೊದಲ ದಿನ ನಾನು ಅದನ್ನು ಸಮುದ್ರ ಅಂದುಕೊಂಡಿದ್ದೆ. ನಿಜವಾಗಿ ಅದು ಅಳಿವೆ. ಉಬ್ಬರ ಇಳಿತ ಎರಡೂ ಜೋರಾಗಿ ಗೊತ್ತಾಗುತ್ತದೆ. ನಮ್ಮನೆಯವರು ಧಕ್ಕೆಯ ಮೇಲೆ ನಿಂತು ನೀರನ್ನೇ ನೋಡುತ್ತಾ “ಈಗ ಇಳಿತ, ಹೋಗುವಾಗ ಬೇಗ ಹೋಗ್ತದೆ, ಬರುವಾಗ ನಿಧಾನ” ಎಂದರು. ಹಾಗೇ ಆಯಿತು.

ಬೋಟು ಹೊರಡುವುದು ಊರಿನ ನಡುವಿನ ದೊಡ್ಡ ಚೌಕದ ಹತ್ತಿರದಿಂದ. ಮೂರು ಕಡೆ ಹಳದಿ ಬಣ್ಣದ ಕಮಾನಿನ ಕಟ್ಟಡಗಳು, ನಾಲ್ಕನೆಯ ಕಡೆ ನದಿ. ನೀರಿಗೆ ಇಳಿಯುವ ಮೆಟ್ಟಿಲು, ಮೆಟ್ಟಿಲ ಆಚೀಚೆ ಎರಡು ಕಲ್ಲಿನ ಕಂಬ. ಹಿಂದೆ ಇಲ್ಲಿ ಅರಮನೆ ಇತ್ತು. ಅರಮನೆಯ ಜೊತೆಗೇ ಇಂಡಿಯಾ ಹೌಸ್, ಅವರ ಭಾಷೆಯಲ್ಲಿ ಕಾಜಾ ದ ಇಂಡಿಯಾ, ಅಂದರೆ ನಮ್ಮ ಕಡೆಯಿಂದ ಹೋದ ಮೆಣಸು ಮಸಾಲೆ ಎಲ್ಲ ಲೆಕ್ಕಕ್ಕೆ ಬೀಳುತ್ತಿದ್ದ ಕಚೇರಿ. 1755ರ ನವೆಂಬರ್ 1ರಂದು ಭೂಕಂಪ ಆಗಿ, ಹಿಂದೆಯೇ ನದಿಯ ನೀರು ಎದ್ದು ಬಂದು, ಆಮೇಲೆ ಬೆಂಕಿ ಬಿದ್ದು ಎಲ್ಲ ಹೋಯಿತು. ಈಗ ಕಾಣುವ ಚೌಕ ಅದಾದ ಮೇಲೆ ಕಟ್ಟಿದ್ದು. ದಡದಲ್ಲಿ ನಿಂತಾಗ ಇದು ಬರೀ ಫೋಟೋ ತೆಗೆಯುವ ಜಾಗ. ಬೋಟು ಐವತ್ತು ಮಾರು ಹಿಂದಕ್ಕೆ ಸರಿದ ಮೇಲೆಯೇ ಇಡೀ ಚೌಕ ನದಿಗೆ ಬಾಗಿಲು ತೆರೆದು ಕೂತಿದೆ ಅನ್ನುವುದು ಕಾಣುತ್ತದೆ. ಹಡಗಿನಿಂದ ಬರುವವರಿಗಾಗಿ ಕಟ್ಟಿದ ಊರು ಅದು. ಹಾಗಾಗಿ ನೀರಿನಿಂದಲೇ ನೋಡಬೇಕು.

ಸೀಟಿನ ವಿಷಯ ಹೇಳಿಬಿಡುತ್ತೇನೆ. ಹೋಗುವಾಗ ಬಲಗಡೆ ಊರು, ಎಡಗಡೆ ಆಚೆ ದಡ. ಬಲಗಡೆಯೇ ಕೂರಿ. ಮೇಲಿನ ಡೆಕ್ಕಿನಲ್ಲಿ ಸಂಜೆ ಗಾಳಿ ಮೇ ತಿಂಗಳಲ್ಲೂ ಕಿವಿ ಕೊರೆಯುತ್ತದೆ. ನಾನು ಸೀರೆಯ ಮೇಲೆ ಸ್ವೆಟರ್ ಹಾಕಿದ್ದೆ, ಸಾಲಲಿಲ್ಲ, ಮಗಳ ಶಾಲು ತೆಗೆದುಕೊಂಡೆ. ವಾಸ್ಕೋದ ಸೆಕೆಯಿಂದ ಹೋದವರು ಇದನ್ನು ಸುಮ್ನೆ ಹೇಳ್ತಾರೆ ಅಂದುಕೊಳ್ಳಬೇಡಿ. ಟಾಯ್ಲೆಟ್ ಚೊಕ್ಕಟವಾಗಿತ್ತು. ಲೈಫ್ ಜಾಕೆಟ್ ಎಲ್ಲಿದೆ ಎಂದು ಹೊರಡುವ ಮೊದಲೇ ತೋರಿಸಿದರು. ಟಿಕೆಟ್ಟಿನ ಜೊತೆ ಒಂದು ಗ್ಲಾಸ್ ವೈನ್ ಇತ್ತು, ನಾವು ಕೇಳಿದ ಮೇಲೆ ಬದಲಿಗೆ ಕಿತ್ತಳೆ ರಸ ಕೊಟ್ಟರು.

ಸ್ವಲ್ಪ ದೂರಕ್ಕೆ ಕೆಂಪು ತೂಗುಸೇತುವೆ ಬರುತ್ತದೆ. ಹೆಸರು ಏಪ್ರಿಲ್ 25ರ ಸೇತುವೆ. 1966ರಲ್ಲಿ ತೆರೆದಾಗ ಅದಕ್ಕೆ ಸಲಾಜಾರ್ ಸೇತುವೆ ಎಂದು ಹೆಸರಿತ್ತು. ಗೋವಾದವರಿಗೆ ಆ ಹೆಸರು ಬೇರೆ ಹೇಳಬೇಕಾಗಿಲ್ಲ, ಗೋವಾ ಬಿಡುವುದೇ ಇಲ್ಲ ಎಂದು ಕೊನೆಯವರೆಗೂ ಹಟ ಹಿಡಿದು ಕೂತ ಪೋರ್ಚುಗಲ್‌ನ ಸರ್ವಾಧಿಕಾರಿ ಅವನೇ. ಮಡಗಾಂವ್‌ನಲ್ಲಿ ಲೋಹಿಯಾ ಅವರು 1946ರ ಜೂನ್ 18ರಂದು ಭಾಷಣಕ್ಕೆ ನಿಂತದ್ದು ಅವನ ಆಡಳಿತದ ಎದುರೇ. 1974ರ ಏಪ್ರಿಲ್ 25ರಂದು ಅಲ್ಲಿಯ ಸೈನಿಕರೇ ತಿರುಗಿ ಬಿದ್ದು ಆ ಸರ್ವಾಧಿಕಾರ ಕೊನೆಯಾಯಿತು, ಜನ ಬಂದೂಕಿನ ನಳಿಗೆಗೆ ಕಾರ್ನೇಷನ್ ಹೂವು ಸಿಕ್ಕಿಸಿದರು, ಸೇತುವೆಯ ಹೆಸರೂ ಬದಲಾಯಿತು. ಗೋವಾ ಭಾರತದ್ದು ಎಂದು ಪೋರ್ಚುಗಲ್ ಒಪ್ಪಿ ಸಹಿ ಹಾಕಿದ್ದೂ ಅದೇ ವರ್ಷದ ಕೊನೆಯಲ್ಲಿ. ನಮಗೆ 1961ರ ಡಿಸೆಂಬರ್ 19ಕ್ಕೆ ಮುಗಿದ ವಿಷಯ ಅವರಿಗೆ ಮುಗಿಯಲು ಮತ್ತೆ 13 ವರ್ಷ ಬೇಕಾಯಿತು. ಕಿವಿಗೆ ಹಾಕಿಕೊಂಡ ಕಾಮೆಂಟರಿಯಲ್ಲಿ ಇದ್ದದ್ದು ಸೇತುವೆಯ ಉದ್ದ, ಎತ್ತರ, ಹೆಸರು ಬದಲಾದ ಕಥೆ. ಗೋವಾದ ಮಾತು ಇರಲಿಲ್ಲ. ಅದನ್ನು ಮಗಳಿಗೆ ಹೇಳಿದ್ದು ಅವಳ ಅಪ್ಪ.

ಬೋಟು ಸೇತುವೆಯ ಅಡಿಗೆ ಹೋದಾಗ ಮಾತ್ರ ದಯವಿಟ್ಟು ಕಿವಿಯಿಂದ ಹೆಡ್‌ಫೋನ್ ತೆಗೆಯಿರಿ. ನೀರಿನಿಂದ ಸುಮಾರು 70 ಮೀಟರ್ ಮೇಲೆ ಕಾರುಗಳು ಕಬ್ಬಿಣದ ಜಾಲರಿಯ ಮೇಲೆ ಓಡುತ್ತವೆ, ಆ ಸದ್ದು ಕೆಳಗೆ ಬರುವಾಗ ದೊಡ್ಡ ಜೇನುಗೂಡಿನ ಹತ್ತಿರ ನಿಂತ ಹಾಗೆ ಗುಂಯ್ ಅನ್ನುತ್ತದೆ. ಅದರ ಕೆಳ ಅಂತಸ್ತಿನಲ್ಲಿ ರೈಲು ಬೇರೆ. ನಾವು ದಾಟುವಾಗ ಒಂದು ರೈಲು ಹೋಯಿತು, ಬೋಟಿನಲ್ಲಿ ಎಲ್ಲರೂ ಮಾತು ನಿಲ್ಲಿಸಿ ಮೇಲೆ ನೋಡಿದರು. ಎಡದಡದ ಗುಡ್ಡದ ಮೇಲೆ ಕೈ ಚಾಚಿ ನಿಂತ ಕ್ರಿಸ್ತ. ಎರಡನೇ ಮಹಾಯುದ್ಧದ ಬೆಂಕಿ ದೇಶಕ್ಕೆ ತಾಗದಿದ್ದರೆ ಕಟ್ಟಿಸುತ್ತೇವೆ ಎಂದು ಬಿಷಪ್ಪರು ಹರಕೆ ಹೊತ್ತಿದ್ದರಂತೆ, 1959ರಲ್ಲಿ ಕಟ್ಟಿ ಮುಗಿಸಿದರು.

ಆಮೇಲೆ ಬೆಲೆಂ, ವಾಸ್ಕೋ ಡ ಗಾಮ ಹಡಗು ಹತ್ತಿದ ಜಾಗ. ನಾವು ಹೋದದ್ದೇ ಇದಕ್ಕೆ.

ಮೊದಲು ಕಾಣುವುದು ಹಡಗಿನ ಮೂತಿಯ ಹಾಗೆ ನದಿಯ ಕಡೆ ಚಾಚಿದ ಬಿಳಿ ಸ್ಮಾರಕ, 52 ಮೀಟರ್ ಎತ್ತರ, 1960ರದ್ದು. ಇಳಿಜಾರಿನಲ್ಲಿ ಸಾಲಾಗಿ ಕಲ್ಲಿನ ಜನ ನಿಂತಿದ್ದಾರೆ. ಊರಿನ ಕಡೆಯಿಂದ ಬರುವ ಬೋಟಿಗೆ ಎದುರಾಗುವ ಸಾಲಿನಲ್ಲೇ ವಾಸ್ಕೋ ಡ ಗಾಮ ಇದ್ದಾನೆ, ಹಿಂದೆ ಅಲ್ಬುಕರ್ಕ್, ಅವನ ಹತ್ತಿರವೇ ಸಂತ ಫ್ರಾನ್ಸಿಸ್ ಜೇವಿಯರ್. ಒಬ್ಬನ ಹೆಸರು ನಮ್ಮ ಊರಿಗೆ, ಒಬ್ಬ ಗೋವಾ ಗೆದ್ದವನು, ಒಬ್ಬರ ದೇಹ ಹಳೇ ಗೋವಾದ ಬಾಮ್ ಜೀಸಸ್ ಚರ್ಚಿನಲ್ಲಿ. ಮೂವರೂ ಒಂದೇ ಸಾಲು. ಮಗಳು ಕ್ಯಾಮೆರಾ ಜೂಮ್ ಮಾಡಿ ಒಬ್ಬೊಬ್ಬರನ್ನೇ ಹುಡುಕಿ ತೋರಿಸಿದಳು.

ನನಗೆ ಆಗ ನೆನಪಾದದ್ದು ತಿಮ್ಮಯ್ಯ. ನಮ್ಮ ಹೊನ್ನಾವರದವನು, ಸಮುದ್ರದ ಮೇಲೆ ಹಡಗು ಇಟ್ಟುಕೊಂಡವನು, ಪೋರ್ಚುಗೀಸರ ಬರಹಗಳಲ್ಲಿ ತಿಮೋಜ. 1510ರಲ್ಲಿ ಬೇರೆಲ್ಲೋ ಹೊರಟಿದ್ದ ಅಲ್ಬುಕರ್ಕ್‌ನನ್ನು ಗೋವಾ ಕಡೆ ತಿರುಗಿಸಿ, ತನ್ನ ಜನರನ್ನು ಕೊಟ್ಟು ಜೊತೆಗೆ ಹೋದವನು ಅವನೇ. ಮಾಡಿದ್ದು ಸರಿಯೋ ತಪ್ಪೋ ಅದು ಬೇರೆ ಮಾತು. ಆದರೆ ಅವನಿಲ್ಲದೆ ಆ ಕಥೆ ಇಲ್ಲ, ಆ ಕಲ್ಲಿನ ಸಾಲಿನಲ್ಲಿ ಅವನಿಲ್ಲ.

ಕಾಮೆಂಟರಿಯ ಮೇಲೆ ನನ್ನ ದೊಡ್ಡ ದೂರು ಬರುವುದೂ ಇಲ್ಲಿಯೇ. ದಡದ ಹಿಂದೆ ಜೆರೋನಿಮೋಸ್ ಮಠದ ಉದ್ದನೆಯ ಬಿಳಿ ಕಟ್ಟಡ ಕಾಣುತ್ತದೆ, 1501ರಲ್ಲಿ ಶುರುವಾದದ್ದು, ಕಲ್ಲಿನಲ್ಲಿ ಹಗ್ಗ, ಹವಳ, ಎಲೆ ಎಲ್ಲ ಕೆತ್ತಿದ್ದಾರೆ, ವಾಸ್ಕೋ ಡ ಗಾಮನ ಸಮಾಧಿ ಇರುವುದೂ ಒಳಗೇ. ಅದನ್ನು ಕಟ್ಟಲು ದುಡ್ಡು ಬಂದದ್ದು ಮಸಾಲೆ ವ್ಯಾಪಾರದ ಮೇಲೆ ಹಾಕಿದ ತೆರಿಗೆಯಿಂದ, ನೂರಕ್ಕೆ ಐದು. ಅಲ್ಲಿಯವರು ಅದನ್ನು ಮೆಣಸಿನ ತೆರಿಗೆ ಎಂದೇ ಕರೆಯುತ್ತಾರೆ. ಕಾಮೆಂಟರಿ “ಪೂರ್ವದ ಮಸಾಲೆಗಳ ಸಂಪತ್ತಿನಿಂದ” ಎಂದು ಒಂದೇ ಮಾತಿನಲ್ಲಿ ಮುಗಿಸಿತು. ಪೂರ್ವ ಎಂದರೆ ಎಲ್ಲಿ? ಮಲಬಾರ್, ಕೆನರಾ. ನಮ್ಮ ಶರಾವತಿಯ ಮೇಲೆ ಗೇರುಸೊಪ್ಪೆಯಿಂದ ದೋಣಿಯಲ್ಲಿ ಮೆಣಸು ಇಳಿದು ಬರುತ್ತಿತ್ತು, ಅಲ್ಲಿಯ ರಾಣಿ ಚೆನ್ನಭೈರಾದೇವಿಯನ್ನು ಇದೇ ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರು. ಇವತ್ತಿಗೂ ನನ್ನ ತವರಿನ ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯ ಮೆಣಸೇ ನಮ್ಮ ವಾಸ್ಕೋ ಮನೆಯ ಸಾರಿಗೆ ಬೀಳುವುದು. ಮೆಣಸು ಬೆಳೆದವರ ಬಗ್ಗೆ ಎರಡು ಮಾತು ಹೇಳಲು ಎಷ್ಟು ಹೊತ್ತು ಬೇಕು? ಇಳಿಯುವಾಗ ಅಭಿಪ್ರಾಯ ಬರೆಯುವ ಕಾಗದ ಕೊಟ್ಟರು, ಮಗಳ ಕೈಯಲ್ಲಿ ಇದನ್ನೇ ಬರೆಸಿದೆ.

ಇನ್ನೊಂದು ದೂರು ಸಣ್ಣದು. ಕಾಮೆಂಟರಿ ಹತ್ತಾರು ಭಾಷೆಯಲ್ಲಿ ಇದೆ, ನಮ್ಮ ಕಡೆಯ ಭಾಷೆ ಒಂದೂ ಇಲ್ಲ. ನಮ್ಮ ಮೂರು ಹೆಡ್‌ಫೋನಿನಲ್ಲಿ ಒಂದು ಕೆಟ್ಟಿತ್ತು. ಹುಡುಗನಿಗೆ ಹೇಳಿದರೆ ಬದಲಾಯಿಸಿ ಕೊಟ್ಟ, ಆದರೆ ಅಷ್ಟರಲ್ಲಿ ಸೇತುವೆ ಬಂದಿತ್ತು. ಕೂತ ತಕ್ಷಣ ಪರೀಕ್ಷೆ ಮಾಡಿ.

ಕೊನೆಗೆ ಬೆಲೆಂ ಗೋಪುರ. ದೊಡ್ಡದಲ್ಲ. ನಾನು ಕೋಟೆ ಎಂದರೆ ನಮ್ಮ ಗೋವಾದ ಅಗ್ವಾದ ಕೋಟೆಯ ಹಾಗೆ ಇರುತ್ತದೆ ಅಂದುಕೊಂಡಿದ್ದೆ. ಇದು ಪುಟ್ಟದು, ನೀರಿನ ಅಂಚಿನಲ್ಲಿ ನಿಲ್ಲಿಸಿಟ್ಟ ಆಭರಣದ ಪೆಟ್ಟಿಗೆಯ ಹಾಗೆ. ಕಟ್ಟಲು ಶುರು ಮಾಡಿದ್ದು 1514ರಲ್ಲಿ. ಅಂದರೆ 1497ರ ಜುಲೈ 8ರಂದು ವಾಸ್ಕೋ ಡ ಗಾಮ ನಾಲ್ಕು ಹಡಗು ತೆಗೆದುಕೊಂಡು ಇದೇ ದಡದಿಂದ ಹೊರಟಾಗ ಗೋಪುರ ಇರಲಿಲ್ಲ, ಮಠವೂ ಇರಲಿಲ್ಲ, ಒಂದು ಸಣ್ಣ ಪ್ರಾರ್ಥನಾ ಮಂದಿರ ಇತ್ತಷ್ಟೇ. ಮುಂದಿನ ವರ್ಷ ಮೇ 20ಕ್ಕೆ ಕಲ್ಲಿಕೋಟೆ ಹತ್ತಿರ ಮುಟ್ಟಿದ. ವಾಪಸ್ ಹೋಗುವಾಗ ನಮ್ಮ ಕಾರವಾರದ ಬಳಿಯ ಅಂಜದೀವ ದ್ವೀಪದಲ್ಲಿ ನಿಂತು ಹಡಗು ರಿಪೇರಿ ಮಾಡಿಸಿಕೊಂಡ. ಹೊರಟ ಜನರಲ್ಲಿ ಊರು ಮುಟ್ಟಿದವರು ಅರ್ಧಕ್ಕಿಂತಲೂ ಕಡಿಮೆ, ಹಡಗು ಎರಡೇ. ಗೋಪುರದ ಎದುರು ಬೋಟು ತಿರುಗಿಸುವ ಮೊದಲು ಎಂಜಿನ್ ನಿಧಾನ ಮಾಡಿದರು. ಮುಂದೆ ಬರೀ ಕಡಲು, ಸೂರ್ಯ ಅದೇ ಕಡೆ ಇಳಿಯುತ್ತಿದ್ದ. ಅಲ್ಲಿ ಮೇ ತಿಂಗಳಲ್ಲಿ ರಾತ್ರಿ ಎಂಟೂವರೆಯ ನಂತರವೇ ಮುಳುಗುವುದು. ನಮ್ಮನೆಯವರು ಕಂಬಿ ಹಿಡಿದು ನಿಂತು “ಮರದ ಹಡಗು, ಗಾಳಿ ಬಿಟ್ಟರೆ ಬೇರೆ ಏನೂ ಇಲ್ಲ” ಎಂದರು. 30 ವರ್ಷ ಹಡಗು ನೋಡಿದವರು ಅವರು. ಮತ್ತೆ ಬೋಟು ತಿರುಗಿ ಮುಗಿಯುವ ತನಕ ಮಾತಾಡಲಿಲ್ಲ.

ಗೋಪುರದ ಒಂದು ಮೂಲೆಯ ಬುಡದಲ್ಲಿ ಘೇಂಡಾಮೃಗದ ತಲೆ ಕೆತ್ತಿದ್ದಾರೆ. ಅದು ಬೋಟಿನಿಂದ ಕಾಣುವುದಿಲ್ಲ, ಮರುದಿನ ನಡೆದು ಹೋಗಿ ನೋಡಿದೆವು. ಗುಜರಾತಿನ ಸುಲ್ತಾನ ಅಲ್ಬುಕರ್ಕ್‌ಗೆ ಕೊಟ್ಟ ನಿಜವಾದ ಘೇಂಡಾಮೃಗವನ್ನು ಅವನು ಗೋವಾದಿಂದ ಹಡಗಿನಲ್ಲಿ ಹತ್ತಿಸಿ ತನ್ನ ರಾಜನಿಗೆ ಕಳಿಸಿದ. 1515ರ ಮೇ 20ರಂದು ಇಲ್ಲಿ ಇಳಿಯಿತು. ಗಾಳಿಮಳೆಗೆ ಮುಖವೆಲ್ಲ ಸವೆದಿದೆ, ಗೊತ್ತಿಲ್ಲದವರಿಗೆ ಬರೀ ಕಲ್ಲು. ಗೋವಾದಿಂದ ನಾಲ್ಕು ತಿಂಗಳು ಸಮುದ್ರದ ಮೇಲೆ ಬಂದ ಆ ಪ್ರಾಣಿಯನ್ನು ನೆನೆದು ನನಗೆ ಪಾಪ ಅನಿಸಿತು.

ನಮ್ಮ ಪಣಜಿಯ ಸಂಜೆ ಬೋಟನ್ನು ಇದರ ಜೊತೆ ಇಟ್ಟು ನೋಡದೆ ಇರಲು ಆಗಲಿಲ್ಲ. ಊರಿಂದ ನೆಂಟರು ಬಂದಾಗಲೆಲ್ಲ ಮಾಂಡವಿಯಲ್ಲಿ ಒಂದು ಗಂಟೆ ಕರೆದುಕೊಂಡು ಹೋಗುತ್ತೇವೆ. ಹಾಡು, ಕುಣಿತ, ಮಕ್ಕಳಿಗೆ ಖುಷಿ. ಆದರೆ ದಡದಲ್ಲಿ ಹಳೆಯ ಸೆಕ್ರೆಟರಿಯೇಟ್, ಆಚೆ ರೇಯಿಸ್ ಮಾಗೋಸ್ ಕೋಟೆ, ಮುಂದೆ ಅಗ್ವಾದ, ಇವೆಲ್ಲ ಕತ್ತಲಲ್ಲಿ ಸುಮ್ಮನೆ ದಾಟಿ ಹೋಗುತ್ತವೆ, ಇದು ಇಂಥದ್ದು ಎಂದು ಹೇಳುವವರಿಲ್ಲ. ಲಿಸ್ಬನ್‌ನಲ್ಲಿ ಹಾಡಿರಲಿಲ್ಲ, ಎರಡು ಗಂಟೆ ಎಲ್ಲರೂ ದಡವನ್ನೇ ನೋಡಿದರು. ಮಾಂಡವಿಯಲ್ಲೂ ಬೆಳಕಿರುವಾಗ ಇಂಥ ಒಂದು ಬೋಟು ಇದ್ದು, ಕೊಂಕಣಿ, ಮರಾಠಿ, ಕನ್ನಡದಲ್ಲಿ ಹೇಳುವವರು ಇದ್ದರೆ ನಾನು ತಿಂಗಳಿಗೊಮ್ಮೆ ಹೋಗುತ್ತಿದ್ದೆ.

ದುಡ್ಡು ಉಳಿಸಬೇಕು ಅನ್ನುವವರಿಗೆ ಒಂದು ದಾರಿ ಇದೆ. ಊರಿನವರು ದಿನಾ ಓಡಾಡುವ ಫೆರಿ ಎರಡು ಯೂರೋಗಿಂತ ಕಡಿಮೆಗೆ ಆಚೆ ದಡದ ಕಾಸಿಲ್ಯಾಸ್‌ಗೆ ಬಿಡುತ್ತದೆ, ಹತ್ತು ನಿಮಿಷದ ದಾರಿ. ಬೆಲೆಂ ಕಡೆಗೆ ಹೋಗುವುದಿಲ್ಲ, ಕಥೆ ಹೇಳುವವರಿಲ್ಲ, ಆದರೆ ನದಿ ಅದೇ. ಹೊರಡುವ ಹಿಂದಿನ ದಿನ ನಾವು ಅದರಲ್ಲೂ ಹೋದೆವು. ಕೆಲಸ ಮುಗಿಸಿದವರು ಚೀಲ ಕಾಲ ಬಳಿ ಇಟ್ಟುಕೊಂಡು ಅರೆನಿದ್ದೆಯಲ್ಲಿ ಕೂತಿದ್ದರು, ಒಬ್ಬ ಅಜ್ಜಿ ಪಾವ್ ಬ್ರೆಡ್ಡಿನ ಪೊಟ್ಟಣ ಮಡಿಲಲ್ಲಿ ಇಟ್ಟುಕೊಂಡಿದ್ದಳು, ದಡ ಹತ್ತಿರ ಬಂದ ಕೂಡಲೇ ಎಲ್ಲರೂ ಎದ್ದು ಬಾಗಿಲ ಬಳಿ ನಿಂತರು. ಪಣಜಿಯಿಂದ ಬೇತಿಂಗೆ ಫೆರಿಯಲ್ಲಿ ದಾಟುವಾಗ ನಾವೂ ಹೀಗೇ ನಿಲ್ಲುತ್ತೇವೆ.